ಹಳೆಯ ಮೋಟಾರು, ಹೊಸ ಸಾರಥಿ

ಕಳೆದ ಸಂಚಿಕೆ ಮನೆಮನೆಗೆ ತಲುಪಿದ ಮೇಲೆ ಸಂಘದ ಮೂವರು ಬಂಧುಗಳು, ಬೇರೆ ಬೇರೆ ದಿನ, ಬೇರೆ ಬೇರೆ ಜಾಗದಲ್ಲಿ ನನ್ನನ್ನು ತಡೆದು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು: "ಒಂದೂವರೆ ಲಕ್ಷದ ಆಸುಪಾಸಿನಲ್ಲಿ ಒಂದು ಹಳೆಯ ಕಾರು ಕೊಳ್ಳಬಹುದೇ?" ಮೂವರಿಗೂ ಇದು ಮೊದಲ ಕಾರು. ಅವರಲ್ಲಿ ಇಬ್ಬರಿಗೆ ನಡೆಸುವುದೂ ಇನ್ನು ಮೇಲೆ ಕಲಿಯಬೇಕಾದ ವಿದ್ಯೆ. ನನ್ನನ್ನೇ ಏಕೆ ಕೇಳಿದರೆಂದರೆ, ಫತೇಗಂಜಿನ ನಮ್ಮ ಗಲ್ಲಿಯಲ್ಲಿ ಒಂದು ಹಳೆಯ ವ್ಯಾಗನ್ ಆರ್ ನಿಂತಿರುವುದನ್ನೂ ಭಾನುವಾರ ಬೆಳಿಗ್ಗೆ ನಾನು ಅದರ ಮೈ ಒರೆಸುವುದನ್ನೂ ಅವರು ಕಂಡಿದ್ದಾರೆ. ಮೈ ಒರೆಸುವವನಿಗೆ ಒಳಗಿನ ಯಂತ್ರವೂ ತಿಳಿದಿರಬೇಕೆಂಬುದು ಅವರ ಎಣಿಕೆ. ನಾನು ಯಂತ್ರ ಬಲ್ಲವನಲ್ಲ. ಕಚೇರಿಯಲ್ಲಿ ಕಡತ ತಿರುವುವ ಗುಮಾಸ್ತ, ಕಾಗದ ಬಲ್ಲೆ. ಹಳೆಯ ಕಾರೆಂಬುದು ಅರ್ಧ ಕಬ್ಬಿಣ, ಅರ್ಧ ಕಾಗದ. ಆ ಅರ್ಧದ ಬಲದಿಂದ ಈ ಸಲದ ಅಂಕಣ.

ಕಾರಿನ ಆಸೆ ಏಕೆ ಹುಟ್ಟುತ್ತದೆಂದು ನಮ್ಮ ಸಂಸಾರಗಳಿಗೆ ವಿವರಿಸಬೇಕಾಗಿಲ್ಲ. ಸ್ಕೂಟರಿನ ಮುಂದೆ ಒಂದು ಮಗು, ನಡುವೆ ಇನ್ನೊಂದು ಮಗು, ಹಿಂದೆ ಮನೆಯಾಕೆ, ಆಕೆಯ ಮಡಿಲಲ್ಲಿ ತರಕಾರಿ ಚೀಲ, ಎಲ್ಲರ ನೆತ್ತಿಯ ಮೇಲೆ ವಡೋದರೆಯ ಮೇ ತಿಂಗಳಿನ ಬಿಸಿಲು. ಊರಿನಿಂದ ತಂದೆತಾಯಿ ಬರುವ ರೈಲು ಅಪರಾತ್ರಿಯಲ್ಲಿ ಬಂದರೆ, ಎರಡು ಚೀಲ ಜೋಳದ ಹಿಟ್ಟು, ಒಂದು ಡಬ್ಬಿ ಶೇಂಗಾ ಹಿಂಡಿ, ಮೊಣಕಾಲು ನೋವಿನ ತಾಯಿ, ಇಷ್ಟನ್ನೂ ಒಂದು ರಿಕ್ಷಾದಲ್ಲಿ ತುಂಬಬೇಕು. ಹೊಸ ಕಾರು ಕೊಳ್ಳೋಣವೆಂದರೆ ಅತಿ ಚಿಕ್ಕದು ಸಹ ರಸ್ತೆಗೆ ಇಳಿಯುವ ಹೊತ್ತಿಗೆ ನಾಲ್ಕು ಲಕ್ಷದ ಸುತ್ತಮುತ್ತ ಬೇಡುತ್ತದೆ. ಸಾಲ ತೆಗೆದರೆ ಮಕ್ಕಳ ಶಾಲೆಯ ಶುಲ್ಕದ ಜೊತೆಗೆ ಕಾರಿನ ಕಂತೂ ಪ್ರತಿ ತಿಂಗಳು ಬಾಗಿಲು ತಟ್ಟುತ್ತದೆ. ಅಲ್ಲದೆ, ಹೊಸದಾಗಿ ಕಲಿಯುವವನು ಮೊದಲ ವರ್ಷ ಗೇಟಿಗೋ ಕಂಬಕ್ಕೋ ಒರೆಸದೆ ಬಿಡುವವನಲ್ಲ. ಆ ಗೀರು ಎಂಟು ಲಕ್ಷದ ಕಾರಿನ ಮೇಲೆ ಬೀಳುವುದಕ್ಕಿಂತ ಒಂದೂವರೆ ಲಕ್ಷದ್ದರ ಮೇಲೆ ಬೀಳುವುದು ಲೇಸು. ಆದಕಾರಣ ಹಳೆಯ ಕಾರಿನ ವಿಚಾರವನ್ನು ಜಿಪುಣತನವೆಂದು ನಾನು ಎಣಿಸುವುದಿಲ್ಲ. ನಮ್ಮ ಮನೆಯಲ್ಲಿ ಈ ಮಾತು ಎತ್ತಿದಾಗ ಬಂದ ಪ್ರಶ್ನೆ ಬೇರೆ: "ಅಲ್ರೀ, ಗಾಡಿ ತೊಗೊಳ್ಳೋದು ಚಲೋನ ಆತು, ಅದನ್ನ ಮಾರೋರು ಯಾಕ ಮಾರಾಕತ್ತಾರ, ಕೇಳಿದ್ರೇನು?"

ಆಕೆ ರೈತರ ಮನೆಯಿಂದ ಬಂದವಳು. ಜಾತ್ರೆಯಲ್ಲಿ ಎತ್ತು ಕೊಳ್ಳುವ ಹಿರಿಯರು ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಆದರೆ ಎಲ್ಲಕ್ಕೂ ಮೊದಲು ಅವರು ಕೇಳುತ್ತಿದ್ದ ಮಾತು ಇದೇ. ನನಗೆ ತಿಳಿದಮಟ್ಟಿಗೆ ಹಳೆಯ ಕಾರಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.

ಈ ಪ್ರಶ್ನೆಗೆ ಪಂಡಿತರ ಬೆಂಬಲವೂ ಉಂಟು. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಹಳೆಯ ಕಾರಿನ ಸಂತೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಮೂರು ಪತ್ರಿಕೆಗಳು ಅದನ್ನು ಹಿಂದಿರುಗಿಸಿದವು; ನಾಲ್ಕನೆಯದು ೧೯೭೦ರಲ್ಲಿ ಅಚ್ಚು ಹಾಕಿತು. ೨೦೦೧ರಲ್ಲಿ ಅವರಿಗೆ, ಮತ್ತಿಬ್ಬರೊಡನೆ, ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು. (ನಮ್ಮ ಸಂಪಾದಕರು ಲೇಖನಗಳನ್ನು ಹಿಂದಕ್ಕೆ ಕಳಿಸುವಾಗ ಇದನ್ನು ಸ್ವಲ್ಪ ನೆನೆಯಲಿ.) ಕೆಟ್ಟ ಕಾರಿಗೆ ಅಲ್ಲಿನ ಆಡುಮಾತಿನಲ್ಲಿ ನಿಂಬೆಹಣ್ಣು ಎನ್ನುತ್ತಾರೆ. ನಾವು ಹೊಸ ಗಾಡಿಯ ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸುತ್ತೇವೆ. ಅವರ ಲೆಕ್ಕದಲ್ಲಿ ನಿಂಬೆಹಣ್ಣು ಚಕ್ರದ ಮೇಲೆಯೇ ಕುಳಿತಿರುತ್ತದೆ.

ಪ್ರಬಂಧದ ಸಾರ ಸರಳವಾದದ್ದು. ಸಂತೆಯಲ್ಲಿ ಹತ್ತು ಕಾರುಗಳಿವೆ ಎನ್ನಿ. ಐದು ಎರಡು ಲಕ್ಷ ಬಾಳತಕ್ಕವು, ಐದು ಒಂದು ಲಕ್ಷದವು. ಯಾವುದು ಯಾವುದೆಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೊರಗಿನ ಬಣ್ಣ ಎಲ್ಲಕ್ಕೂ ಒಂದೇ. ಹಾಗಾಗಿ ಕೊಳ್ಳುವವನು ಅಳೆದು ಸುರಿದು ಒಂದೂವರೆ ಲಕ್ಷ ಎನ್ನುತ್ತಾನೆ. ಎರಡು ಲಕ್ಷದ ಕಾರಿನವನು "ಈ ಬೆಲೆಗೆ ಏಕೆ ಕೊಡಲಿ?" ಎಂದು ಮನೆಗೆ ಹೋಗುತ್ತಾನೆ. ಒಂದು ಲಕ್ಷದವನು ನಗುತ್ತಾ ಉಳಿಯುತ್ತಾನೆ. ಒಳ್ಳೆಯದು ಸಂತೆಯಿಂದ ಜಾರಿಕೊಳ್ಳುತ್ತ, ಕೆಟ್ಟದ್ದು ತುಂಬಿಕೊಳ್ಳುತ್ತ ಹೋಗುತ್ತದೆ. ಇದರಿಂದ ನಮ್ಮಂಥವರು ಕಲಿಯಬೇಕಾದುದು ಏನು? ಒಳ್ಳೆಯ ಕಾರನ್ನು, ಅದು ಒಳ್ಳೆಯದಾಗಿದ್ದರೂ, ಬೇರೆ ಕಾರಣಕ್ಕಾಗಿ ಮಾರಲೇಬೇಕಾದ ಮನುಷ್ಯನನ್ನು ಹುಡುಕಬೇಕು. ಕಾರು ಹುಡುಕುವುದು ಆಮೇಲೆ.

ಅಂಥ ಮನುಷ್ಯರಿಗೆ ವಡೋದರೆಯಲ್ಲಿ ಬರಗಾಲವಿಲ್ಲ. ಮಗನೋ ಮಗಳೋ ಅಮೆರಿಕ, ಕೆನಡಾಗಳಲ್ಲಿದ್ದು, ವಿಮಾನದ ದಿನ ಗೊತ್ತಾಗಿ, ಮನೆಯ ಸಾಮಾನನ್ನೆಲ್ಲ ವಿಲೇವಾರಿ ಮಾಡುತ್ತಿರುವ ದಂಪತಿಗಳು ಪ್ರತಿ ಸೊಸೈಟಿಯಲ್ಲಿಯೂ ಇದ್ದಾರೆ. ಕೊಯಲಿಯ ತೈಲ ಶುದ್ಧೀಕರಣ ಕಾರ್ಖಾನೆ, ಓ.ಎನ್.ಜಿ.ಸಿ., ರೈಲ್ವೆ, ಬ್ಯಾಂಕು, ಇವುಗಳಲ್ಲಿ ವರ್ಗವಾಗಿ ಹೋಗುವವರು, ನಿವೃತ್ತರಾಗಿ ಊರಿಗೆ ಹೊರಡುವವರು ಬೇರೆ. ನಾನು ಎರಡು ತಿಂಗಳಲ್ಲಿ ಏಳು ಗಾಡಿ ನೋಡಿದೆ. ಏಳನೆಯದು ನಮ್ಮ ಕಚೇರಿಯ ಹೆಡ್ ಕ್ಲಾರ್ಕ್ ಸಾಹೇಬರ ಸೊಸೈಟಿಯ ಒಬ್ಬ ಕಾಕಾ ಅವರದು. ಅವರೂ ಕಾಕಿಯವರೂ ಮಗನ ಹತ್ತಿರ ಹೊರಟಿದ್ದರು. ೨೦೧೩ರ ಗಾಡಿ, ಒಬ್ಬರೇ ಯಜಮಾನರು, ಹತ್ತು ವರ್ಷಕ್ಕೂ ಮೇಲಿನ ದುರಸ್ತಿಯ ರಸೀದಿಗಳನ್ನೆಲ್ಲ ದಾರ ಪೋಣಿಸಿ ಇಟ್ಟಿದ್ದರು. ಗುಮಾಸ್ತನ ಕಣ್ಣಿಗೆ ಆ ದಾರವೇ ಅರ್ಧ ಪ್ರಮಾಣಪತ್ರ. ಒಂದು ಲಕ್ಷದ ಅರವತ್ತು ಸಾವಿರಕ್ಕೆ ಮಾತಾಯಿತು.

ಇಲ್ಲಿ ನಮ್ಮವರಿಗೆ ಮಾತ್ರ ಸಂಬಂಧಿಸಿದ ಒಂದು ಮಾತು. ಪರಸ್ಥಳದಲ್ಲಿ ಕನ್ನಡಿಗರೊಬ್ಬರು ಕಾರು ಮಾರುತ್ತಾರೆಂದರೆ ನಮಗೆ ಅರ್ಧ ವ್ಯಾಪಾರ ಮುಗಿದಂತೆ. ಹೋಗುತ್ತೇವೆ, ಕಾಫಿ ಬರುತ್ತದೆ, ಚಕ್ಕುಲಿ ಬರುತ್ತದೆ, ಅವರ ಸೋದರತ್ತೆಯ ಮನೆ ನಮ್ಮ ಊರಿಗೆ ಮೂರು ಹರದಾರಿ ಎಂದು ತಿಳಿದುಬರುತ್ತದೆ. ಆ ಮೇಲೆ ಎದ್ದು ಅವರ ಕಾರಿನ ಬಾನೆಟ್ಟು ಎತ್ತಿ, ಕೆಳಗೆ ಬಗ್ಗಿ, ನೆಲಹಾಸು ಕಿತ್ತು ನೋಡುವುದು ಹೇಗೆ? ಸಂಕೋಚ. ಗುರುತಿಲ್ಲದವನ ಹತ್ತಿರ ಹತ್ತು ಪ್ರಶ್ನೆ ಕೇಳುವ ನಾವು ನಮ್ಮವರ ಹತ್ತಿರ ಒಂದೂ ಕೇಳುವುದಿಲ್ಲ. ಮಾರುವವರಲ್ಲಿ ಕಪಟವಿರಬೇಕೆಂದಿಲ್ಲ, ಅವರಿಗೂ ತಮ್ಮ ಕಾರಿನ ರೋಗ ಗೊತ್ತಿರದೆ ಇರಬಹುದು. ಆರು ತಿಂಗಳ ಮೇಲೆ ಇಂಜಿನು ಕೆಟ್ಟರೆ ಕಾರಿನ ಜೊತೆಗೆ ಸ್ನೇಹವೂ ಕೆಡುತ್ತದೆ. ಸಂಘದ ಯುಗಾದಿ ಊಟದಲ್ಲಿ ಎರಡು ಸಂಸಾರ ಎರಡು ಪಂಕ್ತಿಯಲ್ಲಿ ಕೂರುತ್ತವೆ. ಆದ್ದರಿಂದ ಫೋನಿನಲ್ಲಿಯೇ, ಕಾಫಿಗೆ ಮೊದಲೇ, "ಒಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಬರುತ್ತೇನೆ" ಎಂದು ಹೇಳಿಬಿಡಬೇಕು. ಹೇಳಲು ನಾಚಿಕೆಯಾದರೆ ಮನೆಯಾಕೆಯ ಹಟವೆಂದು ಹೇಳಿ. ಸಂಸಾರದಲ್ಲಿ ಆಕೆಯ ಹೆಸರು ಇಂಥ ಎಷ್ಟೋ ಕೆಲಸಕ್ಕೆ ಬರುತ್ತದೆ.

ಇನ್ನು ನಮ್ಮ ಈ ಊರಿನ ವಿಶೇಷ ರೋಗಕ್ಕೆ ಬರುತ್ತೇನೆ. ಅದು ನೀರು.

೨೦೧೯ರ ಜುಲೈ ೩೧ರಂದು ವಡೋದರೆಯಲ್ಲಿ ಒಂದೇ ದಿನಕ್ಕೆ ಇಪ್ಪತ್ತು ಇಂಚಿನಷ್ಟು ಮಳೆ ಬಿದ್ದದ್ದು ಹಳಬರಿಗೆ ನೆನಪಿದೆ. ೨೦೨೪ರ ಆಗಸ್ಟ್ ಕೊನೆಯ ವಾರದ್ದು ಎಲ್ಲರಿಗೂ ನೆನಪಿದೆ. ವಿಶ್ವಾಮಿತ್ರಿ ಉಕ್ಕಿತು, ಸಯಾಜಿಗಂಜ್, ಫತೇಗಂಜ್, ಹರಣಿ, ಸಮಾ ಕಡೆಯ ತಗ್ಗು ಭಾಗಗಳು ಮುಳುಗಿದವು, ನದಿಯ ಮೊಸಳೆಗಳು ಬೀದಿಗೆ ಬಂದವು. ಮೊಸಳೆಯನ್ನು ಹಿಡಿದು ಮರಳಿ ಬಿಟ್ಟರು. ಮನೆಯ ಮುಂದೆ ನಿಂತ ಕಾರುಗಳನ್ನು ಎತ್ತಿಕೊಂಡು ಹೋಗುವವರು ಯಾರೂ ಇರಲಿಲ್ಲ. ಅವು ಬಾಗಿಲ ಮಟ್ಟಕ್ಕೆ, ಕೆಲವು ಛಾವಣಿಯ ಮಟ್ಟಕ್ಕೆ ನೀರಿನಲ್ಲಿ ನಿಂತವು. ನೀರು ಇಳಿಯಿತು. ಕಾರುಗಳು ಒಣಗಿದವು. ಒಣಗಿದ ಕಾರಿಗೆ ಬಣ್ಣವೂ ಹೊಳಪೂ ಬಂದರೆ ಅದು ಎಲ್ಲಿಗೆ ಹೋಗುತ್ತದೆ? ಮೊದಲ ಸಲ ಕೊಳ್ಳುವವನ ಹತ್ತಿರಕ್ಕೆ.

ನೀರು ಕಾರಿಗೆ ಎರಡು ಬಗೆಯಲ್ಲಿ ಹಾನಿ ಮಾಡುತ್ತದೆ. ಮೊದಲನೆಯದು ಒಡನೆಯೇ ಆಗುವಂಥದು. ನೀರಿನಲ್ಲಿ ನಿಂತ ಇಂಜಿನನ್ನು ಯಾರಾದರೂ ಆತುರದಿಂದ ಚಾಲೂ ಮಾಡಿದರೆ ಅದು ಗಾಳಿಗೆ ಬದಲು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ನಿನ ಕೋಲು ಬಾಗುತ್ತದೆ. ಇದು ದೊಡ್ಡ ಗಾಯವಾದರೂ ಕಣ್ಣಿಗೆ ಕಾಣುವಂಥದು. ಎರಡನೆಯದು ಕ್ಷಯರೋಗದಂತೆ. ಇಂದಿನ ಕಾರಿನಲ್ಲಿ ತಂತಿಗಳ ಜಾಲವಿದೆ, ಇಂಜಿನಿಗೆ ಮಿದುಳಿನಂತಿರುವ ಒಂದು ಪೆಟ್ಟಿಗೆಯಿದೆ. ತಂತಿಗಳು ಕೂಡುವ ಕಡೆಗಳಲ್ಲಿ ಕೆಸರುನೀರು ಸೇರಿದರೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿದು, ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದು ದಿನ ನಟ್ಟನಡುವೆ ಗಾಡಿ ನಿಲ್ಲುತ್ತದೆ, ಮರುದಿನ ತಾನಾಗಿ ಹೊರಡುತ್ತದೆ. ಅನುಭವಸ್ಥ ಸಾರಥಿಯಾದರೆ ಬದಿಗೆ ಸರಿಸಿಯಾನು. ನಿನ್ನೆ ಲೈಸೆನ್ಸು ಪಡೆದವನು ಫತೇಗಂಜ್ ಮೇಲ್ಸೇತುವೆಯ ಮೇಲೆ, ಹಿಂದೆ ಹಾರ್ನುಗಳ ಮಹಾಮೇಳ ನಡೆಯುತ್ತಿರುವಾಗ, ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಏನು ಮಾಡಬೇಕು?

ನಾನು ನೋಡಿದ ಮೂರನೆಯ ಗಾಡಿ ಥಳಥಳಿಸುತ್ತಿತ್ತು. ಬೆಲೆ ಬೇರೆಯವಕ್ಕಿಂತ ಮೂವತ್ತು ಸಾವಿರ ಕಡಿಮೆ. ಬಾಗಿಲು ತೆರೆದರೆ ಗಂಧದ ವಾಸನೆ ಗುಡಿಯ ಗರ್ಭಗೃಹದಂತೆ. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಭಾಯಿ ಮಾತಾಡಲಿಲ್ಲ. ಚಾಲಕನ ಸೀಟುಬೆಲ್ಟನ್ನು ಪೂರ್ತಿ, ಕೊನೆಯ ಗೇಣಿನವರೆಗೆ ಎಳೆದ. ಕೊನೆಯ ಒಂದು ಮೊಳ ಮಣ್ಣಿನ ಬಣ್ಣವಾಗಿತ್ತು. ಅದರ ಅಂಚು ಗೆರೆ ಎಳೆದಂತಿತ್ತು. ಎಲ್ಲವನ್ನೂ ತೊಳೆಯುವವರು ಸುರುಳಿಯ ಒಳಗಿರುವ ಬೆಲ್ಟನ್ನು ತೊಳೆಯುವುದಿಲ್ಲವಂತೆ. ಆಮೇಲೆ ಡಿಕ್ಕಿಯ ಹಾಸನ್ನು ಎತ್ತಿ ಸ್ಟೆಪ್ನಿ ಚಕ್ರವಿರುವ ಗುಂಡಿಯಲ್ಲಿ ಬೆರಳಾಡಿಸಿದ. ನುಣ್ಣನೆಯ ಮೆಕ್ಕಲು ಬೆರಳಿಗೆ ಬಂತು. ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು. ಅವನು ಕೈ ಒರೆಸಿಕೊಂಡು ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ಸಾಹೇಬ್, ಪಾಣಿ ಪೀಧೇಲಿ ಗಾಡಿ ಛೇ." ನೀರು ಕುಡಿದ ಗಾಡಿ! ಪಾನನಿರೋಧವಿರುವ ಈ ರಾಜ್ಯದಲ್ಲಿ ಮನುಷ್ಯರಿಗಿಲ್ಲದ ಸ್ವಾತಂತ್ರ್ಯ ಗಾಡಿಗಳಿಗಿದೆ. ಮಾರುವವರು ಮಾತ್ರ "ಏಕದಮ್ ಸರಸ್, ಚಾಲ್ಶೇ, ಚಾಲ್ಶೇ" ಎನ್ನುತ್ತಲೇ ಇದ್ದರು. 'ಚಾಲ್ಶೇ' ಎಂದರೆ ನಡೆಯುತ್ತದೆ. ಎಲ್ಲಿಯವರೆಗೆ ನಡೆಯುತ್ತದೆಂದು ಆ ಕ್ರಿಯಾಪದದಲ್ಲಿ ಇಲ್ಲ. ಮೆಕ್ಯಾನಿಕ್ಕಿಗೆ ಕೊಟ್ಟ ಐದು ನೂರು ರೂಪಾಯಿ ಆ ವರ್ಷ ನಾನು ಮಾಡಿದ ಅತ್ಯುತ್ತಮ ಖರ್ಚು.

ನೀರಿನ ಗುರುತು ಕಾಗದದಲ್ಲಿಯೂ ಇರುತ್ತದೆ, ಓದಬಲ್ಲವರಿಗೆ. ಮಾರುವವರ ಹಿಂದಿನ ವಿಮೆಯ ಪಾಲಿಸಿ ಕೇಳಿ ನೋಡಿ. ಪೂರ್ಣ ವಿಮೆಯಾಗಿದ್ದರೆ ಅದರಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಾಲು ಇರುತ್ತದೆ. ಒಂದು ವರ್ಷ ಪರಿಹಾರ ಕೇಳದಿದ್ದರೆ ಶೇಕಡಾ ೨೦ ರಿಯಾಯಿತಿ. ಹಾಗೆಯೇ ಏರುತ್ತ ಐದು ವರ್ಷಕ್ಕೆ ಶೇಕಡಾ ೫೦. ೨೦೨೫ರ ಪಾಲಿಸಿಯಲ್ಲಿ ಹತ್ತು ವರ್ಷದ ಗಾಡಿಗೆ ಸೊನ್ನೆಯಿದ್ದರೆ, ಹಿಂದಿನ ವರ್ಷ ಏನೋ ಆಗಿರಬಹುದು ಎಂದರ್ಥ. ಏನಾಯಿತೆಂದು ಕೇಳುವ ಹಕ್ಕು ನಿಮಗುಂಟು. (ಈ ರಿಯಾಯಿತಿ ಮನುಷ್ಯನದು, ಕಾರಿನದಲ್ಲ. ಅದು ನಿಮಗೆ ದಾಟಿ ಬರುವುದಿಲ್ಲ.) ಬರಿಯ ಮೂರನೆಯವರ ವಿಮೆಯಾಗಿದ್ದರೆ ಈ ಸಾಲೇ ಇರುವುದಿಲ್ಲ; ಆಗ ಸೀಟುಬೆಲ್ಟೇ ಗತಿ.

ಎರಡನೆಯ ವಿಚಾರ ವಯಸ್ಸು. ಜಾತ್ರೆಯ ಎತ್ತಿಗೆ ಹಲ್ಲು, ಕಾರಿಗೆ ಟಯರು: ಟಯರಿನ ಮಗ್ಗುಲಲ್ಲಿ ನಾಲ್ಕು ಅಂಕೆಗಳಿರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ೨೩೧೯ ಎಂದಿದ್ದರೆ ೨೦೧೯ರ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿದ ಟಯರು. ನಾಲ್ಕೂ ಬದಲಿಸಬೇಕಾದರೆ ಆ ಹಣವನ್ನು ಬೆಲೆಯಲ್ಲಿ ಇಳಿಸಿ ಕೇಳಬೇಕು. ಮೀಟರು ಮೂವತ್ತು ಸಾವಿರ ಕಿಲೋಮೀಟರು ಎನ್ನುತ್ತಿದ್ದು, ಕ್ಲಚ್ಚು ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದರೆ, ರಬ್ಬರನ್ನು ನಂಬಿ. ಗಾಡಿ ನೋಡಲು ಬೆಳಿಗ್ಗೆಯೇ ಹೋಗಬೇಕು. ಇಂಜಿನು ತಣ್ಣಗಿದ್ದಾಗ ಚಾಲೂ ಆಗುವ ರೀತಿಯೂ ಹೊಗೆಯ ಬಣ್ಣವೂ ನಿಜ ಹೇಳುತ್ತವೆ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದೂ ಒಂದು ಉತ್ತರವೇ.

ಆದರೆ ಅಗ್ಗದ ಕಾರಿನ ನಿಜವಾದ ವಯಸ್ಸು ಆರ್.ಸಿ. ಪುಸ್ತಕದಲ್ಲಿದೆ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆ ಮೇಲೆ ತಪಾಸಣೆಗೆ ಒಯ್ದು ಐದೈದು ವರ್ಷಕ್ಕೆ ನವೀಕರಿಸಬೇಕು. ೨೦೨೨ರ ಏಪ್ರಿಲ್ ೧ರಿಂದ ಈ ನವೀಕರಣದ ಶುಲ್ಕ ಆರು ನೂರರಿಂದ ಐದು ಸಾವಿರಕ್ಕೆ ಏರಿತು. "೨೦೧೧ರ ಗಾಡಿ, ಎಂಬತ್ತು ಸಾವಿರ" ಎಂದು ಹೇಳುವವರು ೨೦೨೬ರಲ್ಲಿ ಅದಕ್ಕೆ ಹದಿನೈದು ತುಂಬುವುದನ್ನು ಹೇಳುವುದಿಲ್ಲ. ನಮ್ಮ ತಲೆಮಾರಿನ ಎಷ್ಟೋ ಮನೆಗಳ ಮೊದಲ ಕಾರಾಗಿದ್ದ ಮಾರುತಿ ೮೦೦ ೧೯೮೩ರ ಡಿಸೆಂಬರಿನಲ್ಲಿ ಹೊರಬಂದು ೨೦೧೪ರ ಜನವರಿಯಲ್ಲಿ ತಯಾರಿ ನಿಲ್ಲಿಸಿತು. ಅದರ ಕೊನೆಯ ಕೂಸಿಗೂ ೨೦೨೯ಕ್ಕೆ ಹದಿನೈದು. ಕಲಿಯಲು ಅದರಷ್ಟು ಸಲೀಸಾದ ಗಾಡಿ ಮತ್ತೊಂದಿಲ್ಲವೆಂದು ಈಗಲೂ ಹೇಳುವವರಿದ್ದಾರೆ. ಕಲಿಯಬಹುದು, ಕೊಳ್ಳುವಾಗ ತಾರೀಖು ನೋಡಿ.

ಗುಜರಾತಿಗೂ ಮೋಟಾರಿಗೂ ಹಳೆಯ ನಂಟು. ಹಿಂದೂಸ್ಥಾನ್ ಮೋಟರ್ಸ್ ಕಂಪನಿ ೧೯೪೨ರಲ್ಲಿ ಆರಂಭವಾದದ್ದು ಓಖಾ ಬಂದರಿನಲ್ಲಿ; ಓಖಾ ಆಗ ನಮ್ಮ ಈ ಬರೋಡಾ ಸಂಸ್ಥಾನಕ್ಕೇ ಸೇರಿತ್ತು. ೧೯೪೮ರಲ್ಲಿ ಕಾರ್ಖಾನೆ ಬಂಗಾಳದ ಉತ್ತರಪಾಡಾಕ್ಕೆ ಹೋಯಿತು. ಆಮೇಲೆ ಹಾಲೋಲಿನಲ್ಲಿ ಜನರಲ್ ಮೋಟರ್ಸ್ ಬಂತು, ೨೦೧೭ರ ಏಪ್ರಿಲಿನಲ್ಲಿ ಕಾರ್ಖಾನೆ ಮುಚ್ಚಿತು, ಆ ವರ್ಷದ ಕೊನೆಗೆ ಷೆವ್ರೊಲೆ ಕಾರುಗಳ ಮಾರಾಟವೇ ದೇಶದಲ್ಲಿ ನಿಂತಿತು. ಸಾಣಂದಿನಲ್ಲಿ ಫೋರ್ಡ್ ೨೦೧೫ರಲ್ಲಿ ಕಾರ್ಖಾನೆ ತೆರೆದು ೨೦೨೧ರಲ್ಲಿ ತಯಾರಿ ಬಿಡುವುದಾಗಿ ಸಾರಿತು. ಹೀಗೆ ತಾಯಿ ಬಿಟ್ಟುಹೋದ ಮಕ್ಕಳಂತೆ ಸ್ಪಾರ್ಕ್, ಬೀಟ್, ಫಿಗೋಗಳು ಹಳೆಯ ಕಾರಿನ ಅಂಗಡಿಗಳಲ್ಲಿ ನಿಂತಿವೆ, ಒಡಹುಟ್ಟಿದವರಿಗಿಂತ ಅಗ್ಗವಾಗಿ. ಅವು ಕೆಟ್ಟ ಗಾಡಿಗಳೆಂದು ನಾನು ಹೇಳುತ್ತಿಲ್ಲ. ಆದರೆ ಬಿಡಿಭಾಗಕ್ಕಾಗಿ ಹುಡುಕಾಡುವ ವ್ಯವಧಾನವೂ ಗುರುತಿನ ಮೆಕ್ಯಾನಿಕ್ಕೂ ಇರುವವರಿಗೆ ಅವು ತಕ್ಕವು. ಮೊದಲ ಕಾರಿನವನಿಗೆ, ಅದರಲ್ಲೂ ನಮ್ಮಂತೆ ಪರಸ್ಥಳದಲ್ಲಿ ಅಣ್ಣತಮ್ಮಂದಿರಿಲ್ಲದವನಿಗೆ, ಪ್ರತಿ ಗಲ್ಲಿಯಲ್ಲೂ ದುರಸ್ತಿಯಾಗುವ ಗಾಡಿಯೇ ವಾಸಿ. ಸಾಣಂದಿನದೇ ಕೂಸಾದ ನ್ಯಾನೊ ಬಗ್ಗೆಯೂ ಒಬ್ಬರು ಕೇಳಿದರು. ೨೦೧೮ರಲ್ಲಿ ಅದರ ತಯಾರಿ ನಿಂತಿದ್ದರೂ ಮಾಡಿದವರು ಇನ್ನೂ ಇದ್ದಾರೆ. ತಿರುಗಿಸಲು ಹಗುರ, ನಿಲ್ಲಿಸಲು ಜಾಗ ಬೇಡ. ಆದರೆ ೨೦೧೫ಕ್ಕೆ ಮೊದಲಿನವುಗಳ ಹಿಂಬಾಗಿಲು ತೆರೆಯುವುದೇ ಇಲ್ಲ. ಊರಿನ ಜೋಳದ ಹಿಟ್ಟಿನ ಚೀಲವನ್ನು ಸೀಟಿನ ಮೇಲಿಂದ ಹಾಯಿಸಬೇಕು.

ಕೆ.ಎ. ಎಂಬ ಎರಡಕ್ಷರದ ಮೋಹವನ್ನೂ ಹೇಳಬೇಕು. ಇಲ್ಲಿನ ರಸ್ತೆಯಲ್ಲಿ ಕೆ.ಎ. ೨೫ ಕಂಡರೆ ಧಾರವಾಡದವರ ಕಣ್ಣು ತೇವವಾಗುತ್ತದೆ, ನಿಜ. ಹಾಗೆಂದು ಕರ್ನಾಟಕದ ನಂಬರಿನ ಗಾಡಿಯನ್ನು ಇಲ್ಲಿ ಕೊಂಡರೆ, ಅಲ್ಲಿನ ಕಚೇರಿಯಿಂದ ೨೮ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ತರಿಸಬೇಕು, ಹನ್ನೆರಡು ತಿಂಗಳು ಮೀರಿ ಇಲ್ಲಿಟ್ಟರೆ ಗುಜರಾತಿನ ನಂಬರು ಪಡೆಯಬೇಕು, ಇಲ್ಲಿನ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ವಾಪಸು ಕೇಳಿ ಅರ್ಜಿ ಹಾಕಬೇಕು. ಅಗ್ಗದ ಕಾರು ಅಷ್ಟು ದುಬಾರಿ ಪ್ರೀತಿಯನ್ನು ತಾಳಲಾರದು. ಜಿ.ಜೆ. ೦೬ ಇದ್ದರೆ ಸಾಕು.

ಈಗ ಕಾಗದ. ಹಣ ಕೊಟ್ಟು ಕೀಲಿಕೈ ಪಡೆದರೆ ಕಾರು ನಮ್ಮದಾಯಿತೆಂದು ಬಹಳ ಜನ ತಿಳಿದಿದ್ದಾರೆ. ಮಾರುವವರು ೨೯ನೆಯ ನಮೂನೆ, ಇಬ್ಬರೂ ಸೇರಿ ೩೦ನೆಯ ನಮೂನೆ ತುಂಬಿ ಕೊಡಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು ಹದಿನಾಲ್ಕು ದಿನದೊಳಗೆ, ಕೊಂಡವರು ಮೂವತ್ತು ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನು ನಮ್ಮ ಹೆಸರಿಗೆ ಬರೆಸಿಕೊಳ್ಳಲು ಹದಿನಾಲ್ಕು ದಿನ. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದ್ದಿದ್ದರೆ ಅದು ತೀರಿದ್ದಕ್ಕೆ ೩೫ನೆಯ ನಮೂನೆ. ದಂಡದ ಇ-ಚಲನ್‌ಗಳು ಬಾಕಿ ಇವೆಯೇ, ಎಷ್ಟನೆಯ ಮಾಲಿಕರು, ನೋಂದಣಿ ಎಂದಿನವರೆಗೆ, ಇವನ್ನೆಲ್ಲ ಸರ್ಕಾರದ ಪರಿವಾಹನ್ ತಾಣದಲ್ಲಿ ಮೊದಲೇ ನೋಡಬಹುದು. ಹೆಸರು ಬದಲಾಗದೆ ಕೈ ಬದಲಾದರೆ ಏನಾಗುತ್ತದೆಂಬುದಕ್ಕೆ ೨೦೧೮ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ಉಂಟು. ಒಂದು ಕಾರು ಕೈಯಿಂದ ಕೈಗೆ ದಾಟುತ್ತ ಹೋಗಿತ್ತು, ಪುಸ್ತಕದಲ್ಲಿ ಮಾತ್ರ ಮೊದಲಿನವರ ಹೆಸರೇ ಇತ್ತು, ಅಪಘಾತವಾಯಿತು. ಪರಿಹಾರದ ಹೊಣೆ ಪುಸ್ತಕದಲ್ಲಿ ಹೆಸರಿದ್ದವರದೇ ಎಂದು ನ್ಯಾಯಾಲಯ ಹೇಳಿತು. ಹೀಗಾಗಿ ಹೆಸರು ಬದಲಾಯಿಸುವ ಗರಜು ಮಾರುವವರಿಗೆ ಕೊಳ್ಳುವವರಿಗಿಂತ ಹೆಚ್ಚು. ಊರಿಗೆ ಹೊರಡುವ ನಿವೃತ್ತ ಬಂಧುಗಳು ಇದನ್ನು ಎರಡು ಸಲ ಓದಲಿ. ದಲ್ಲಾಳಿ "ಆಮೇಲೆ ಮಾಡಿಸುತ್ತೇನೆ" ಎಂದರೆ, ಹಣದಲ್ಲಿಯೂ ಸ್ವಲ್ಪವನ್ನು ಆಮೇಲೆ ಕೊಡುತ್ತೇನೆ ಎನ್ನಿ.

ಕಲಿಯುವ ವಿಚಾರ. ಕಾರು ಕೊಂಡು ಕಲಿಯಬೇಡಿ, ಕಲಿತು ಕೊಳ್ಳಿ. ಚಾಲನಾ ಶಾಲೆಯ ಗಾಡಿಯಲ್ಲಿ ಗುರುವಿನ ಕಾಲಕೆಳಗೂ ಒಂದು ಬ್ರೇಕು ಇರುತ್ತದೆ; ನಮ್ಮ ಗಾಡಿಯಲ್ಲಿ ಪಕ್ಕದಲ್ಲಿ ಕುಳಿತವರ ಕಾಲಕೆಳಗೆ ಇರುವುದಿಲ್ಲ, ಅವರು ಎಷ್ಟೇ ಬಲವಾಗಿ ನೆಲ ಒತ್ತಿದರೂ. ಕಲಿಕೆಯ ಲೈಸೆನ್ಸು ಆರು ತಿಂಗಳಿಗೆ; ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ನನ್ನ ಸಲಹೆ ಕೇಳಿದರೆ ಮೂವತ್ತೊಂದನೆಯ ದಿನವೇ ಓಡಬೇಡಿ.

ಇದಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ಮುಚ್ಚಿಡಲಾರೆ. ಒಂದೂವರೆ ಲಕ್ಷದ ಕಾರಿನಲ್ಲಿ ಸಾಮಾನ್ಯವಾಗಿ ಗಾಳಿಚೀಲ, ಅಂದರೆ ಏರ್‌ಬ್ಯಾಗು, ಇರುವುದಿಲ್ಲ. ಚಾಲಕನಿಗೆ ಅದು ಕಡ್ಡಾಯವಾದದ್ದು ೨೦೧೯ರಲ್ಲಿ. ೨೦೧೪ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದ ಐದು ಜನಪ್ರಿಯ ಚಿಕ್ಕ ಕಾರುಗಳನ್ನು ಗಾಳಿಚೀಲವಿಲ್ಲದೆ ಗುದ್ದಿಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ. ನನ್ನ ಗಾಡಿಯೂ ಆ ಕಾಲದ್ದೇ. ಅದನ್ನು ತಿಳಿದೇ ಕೊಂಡೆ, ಒಂದು ಕಟ್ಟಳೆಯೊಡನೆ: ಊರೊ‌ಳಗೆ ಮಾತ್ರ, ನಲವತ್ತರ ವೇಗದೊಳಗೆ, ಹಿಂದಿನವರೂ ಬೆಲ್ಟು ಹಾಕಿಯೇ. ಶಾಲೆ, ಸ್ಟೇಷನ್ನು, ಆಸ್ಪತ್ರೆ, ಕಮಾಟಿಬಾಗ್. ನಮ್ಮ ಊರ ಪಕ್ಕದಲ್ಲಿ ಹಾಯುವ ೪೮ನೆಯ ನಂಬರಿನ ಹೆದ್ದಾರಿಯೇ ಸೂರತ್, ಮುಂಬಯಿ, ಪುಣೆ, ಬೆಳಗಾವಿ, ಹುಬ್ಬಳ್ಳಿ, ತುಮಕೂರು, ಬೆಂಗಳೂರುಗಳನ್ನು ಮುಟ್ಟುತ್ತದೆ ಎಂಬುದು ಕೇಳಲು ಇಂಪು. ಚಕ್ರವನ್ನು ಬಲಕ್ಕೋ ಎಡಕ್ಕೋ ತಿರುಗಿಸದೆ ತವರಿಗೆ ಹೋಗಿಬಿಡಬಹುದೆಂದು ಅನಿಸುತ್ತದೆ. ಅದು ಸಾವಿರ ಕಿಲೋಮೀಟರಿನ ಲಾರಿಗಳ ರಾಜ್ಯ. ಹೊಸ ಸಾರಥಿ, ಹಳೆಯ ಗಾಡಿ, ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಕ್ಕಳು: ಈ ಮೂರು ಅಲ್ಲಿ ಕೂಡಬಾರದು. ಊರಿಗೆ ಗಾಂಧೀಧಾಮ–ಬೆಂಗಳೂರು ಎಕ್ಸ್‌ಪ್ರೆಸ್ಸಿದೆ. ಸ್ಟೇಷನ್ನಿನವರೆಗೆ ಕಾರಿನಲ್ಲಿ ಹೋಗೋಣ. ಈ ಕಟ್ಟಳೆಗೆ ಒಪ್ಪದವರು ಇನ್ನೆರಡು ವರ್ಷ ಹಣ ಕೂಡಿಸಿ ೨೦೧೯ರ ಈಚಿನ ಗಾಡಿ ಕೊಳ್ಳುವುದೇ ಮೇಲು. ಕೇಳಿದ ಮೂವರಲ್ಲಿ ಒಬ್ಬರಿಗೆ ಹಾಗೆಯೇ ಹೇಳಿದೆ, ಅವರಿಗೆ ಅಷ್ಟು ರುಚಿಸಲಿಲ್ಲ.

ಕೇಂದ್ರ ಸರ್ಕಾರದ ನೌಕರರಿಗೆ ಇನ್ನೊಂದು ಕಾಗದವಿದೆ, ಬಹಳ ಜನ ಮರೆಯುತ್ತಾರೆ. ೧೯೬೪ರ ನಡತೆ ನಿಯಮಗಳ ೧೮ನೆಯ ನಿಯಮದಂತೆ, ಎರಡು ತಿಂಗಳ ಮೂಲವೇತನಕ್ಕಿಂತ ಹೆಚ್ಚಿನ ಬೆಲೆಯ ಚರಾಸ್ತಿ ಕೊಂಡರೆ ಒಂದು ತಿಂಗಳೊಳಗೆ ಕಚೇರಿಗೆ ತಿಳಿಸಬೇಕು. ನಮ್ಮಂಥವರ ಎರಡು ತಿಂಗಳ ಮೂಲವೇತನದಲ್ಲಿ ಯಾವ ಕಾರೂ ಬರುವುದಿಲ್ಲವಾದ್ದರಿಂದ ಎಲ್ಲ ಕಾರೂ ಈ ನಿಯಮಕ್ಕೆ ಸಿಕ್ಕುತ್ತದೆ. ಹಣ ಎಲ್ಲಿಂದ ಬಂತೆಂದು ಬರೆಯಬೇಕು: ಉಳಿತಾಯ ಇಷ್ಟು, ಮಾವನವರಿಂದ ಕೈಗಡ ಇಷ್ಟು. ಮಾರಿದವರು ನಿಮಗೆ ಸಂಬಂಧಿಕರೇ ಎಂಬ ಪ್ರಶ್ನೆಯೂ ಆ ನಮೂನೆಯಲ್ಲಿದೆ. ಕೀಲಿಕೈ ಕೊಟ್ಟ ದಿನ ಕಾಕಿಯವರು ನಮ್ಮ ಮನೆಯಾಕೆಯ ಕೈಗೆ ಒಂದು ಬರಣಿ ಛುಂದೋ ಉಪ್ಪಿನಕಾಯಿ ಇಟ್ಟು, "ಗಾಡಿಯನ್ನು ಬಿಸಿಲಿನಲ್ಲಿ ನಿಲ್ಲಿಸಬೇಡ, ಬೇಟಾ" ಎಂದು ಹೇಳಿದ್ದರು. ನಾನು ಆ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಬರೆದು ಸಹಿ ಹಾಕಿದೆ.